ಲಾಕರಿನಲ್ಲಿ ಉಳಿದ ಬ್ಯಾಡ್ಜು

ಹನ್ನೊಂದು ವರ್ಷ ಮುಚ್ಚಿದ್ದ ಯುರೇನಿಯಂ ಗಣಿ ಮತ್ತೆ ಶುರುವಾಗುತ್ತದಂತೆ. ಕಂಪನಿಯವರು ಗೇಟಿಗೆ ಹೊಸ ಬಣ್ಣ ಬಳಿದರು, ಊರವರು ಕುಣಿದರು. ಅಳಿಯನಿಗೂ ಕೆಲಸದ ಪತ್ರ ಬಂತು. ಅತ್ತೆ ಮಾತ್ರ ಕುಣಿಯಲಿಲ್ಲ. ಅದೇ ಗಣಿಯಲ್ಲಿ ಹದಿನಾರು ವರ್ಷ ಬಂಡೆ ಕೊರೆದ ಅವಳ ಗಂಡ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಿದ್ದ.

ತರಬೇತಿ ಮುಗಿಸಿ ಬಂದ ಅಳಿಯ ಹುರುಪಿನಲ್ಲಿದ್ದ. "ಅಂಗಿಗೆ ಸಿಕ್ಕಿಸೋಕೆ ಒಂದು ಬ್ಯಾಡ್ಜು ಕೊಡ್ತಾರೆ ಅತ್ತೆ. ಅದನ್ನ ಲಾಕರಿನಲ್ಲೇ ಬಿಟ್ಟು ಇಳಿ ಅಂತ ಹಳಬರು ಹೇಳಿಕೊಟ್ರು. ಅದರಲ್ಲಿ ಜಾಸ್ತಿ ತೋರಿಸಿದ್ರೆ ಗಣಿಯಿಂದ ತೆಗೆದು, ಮೇಲೆ ಕಮ್ಮಿ ಕೂಲಿಗೆ ಕಸ ಗುಡಿಸೋಕೆ ಹಾಕ್ತಾರಂತೆ."

ಬಸುರಿ ಮಗಳ ರಕ್ತದೊತ್ತಡ ನೋಡಲು ಬಂದಿದ್ದ ನರ್ಸಮ್ಮ ತಲೆಯೆತ್ತಿದಳು. "ನಿನ್ನ ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಹೇಳೋದೇ ಆ ಬ್ಯಾಡ್ಜು. ಲಾಕರಿನಲ್ಲಿಟ್ರೆ ಲಾಕರಿನ ಆರೋಗ್ಯ ಹೇಳುತ್ತೆ, ಅಷ್ಟೆ."

"ವಿಕಿರಣ ಕಣ್ಣಿಗೆ ಕಾಣುತ್ತಾ? ಎಲ್ಲದಕ್ಕೂ ಹೆದರಿದ್ರೆ ಹೊಟ್ಟೆಗೇನು ಮಣ್ಣು ತಿನ್ನೋದಾ? ಮಾವನೂ ಹಾಗೇ ಮಾಡ್ತಿದ್ರಂತೆ."

"ಮಾಡ್ತಿದ್ರು," ಎಂದಳು ಅತ್ತೆ. "ಕೂಲಿ ಕಮ್ಮಿಯಾಗುತ್ತೆ, ಬಿಟ್ಟೇ ಇಳೀರಿ ಅಂತ ನಾನೇ ಹೇಳ್ತಿದ್ದೆ. ಅವರು ಹೋದ ಮೇಲೆ ಪರಿಹಾರ ಕೇಳಿ ಕಂಪನಿ ಬಾಗಿಲಿಗೆ ಅಲೆದೆ. ಗುಮಾಸ್ತ ಕಡತ ತೆಗೆದ. ಹದಿನಾರು ವರ್ಷವೂ ಬರೀ ಸೊನ್ನೆ. 'ವಿಕಿರಣ ತಾಗೇ ಇಲ್ಲವಲ್ಲಮ್ಮ, ಸಿಗರೇಟು ಸೇದ್ತಿದ್ರಾ?' ಅಂದ. ಸಿಗರೇಟಿನ ಹೊಗೆ ಕಂಡ್ರೆ ದೂರ ಓಡ್ತಿದ್ದ ಮನುಷ್ಯನಪ್ಪ ಅವರು! ಗಣಿ ಅವರನ್ನ ತಿಂತು. ಸಾಕ್ಷೀನ ನಾವೇ ಕೈಯಾರೆ ಹಾಳು ಮಾಡಿದ್ವಿ."

ಕಂಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಬ್ಯಾಡ್ಜಿಲ್ಲದ ಅಂಗಿಗಳು ದಿನಾ ಮೇಲ್ವಿಚಾರಕನ ಮೂಗಿನ ಕೆಳಗೇ ಗಣಿಗೆ ಇಳಿಯುತ್ತಿದ್ದವು. ಅವನು ಕಂಡೂ ಕಾಣದಂತಿದ್ದ. ಕಡತದಲ್ಲಿ ಸೊನ್ನೆ ಇದ್ದರೆ ಅವರಿಗೆ ನಷ್ಟವೇನು?

"ಬ್ಯಾಡ್ಜು ತೆಗೀಬೇಡ," ಎಂದಳು ನರ್ಸಮ್ಮ. "ಎಷ್ಟು ತಾಗಿದೆ ಅಂತ ಬರವಣಿಗೆಯಲ್ಲಿ ಕೇಳಿ ತಗೋ. ಕೆಲಸ ಮುಗಿದ ಮೇಲೆ ಗಣಿ ಹತ್ರಾನೇ ಸ್ನಾನ ಮಾಡು. ಗಣಿ ಬಟ್ಟೆ ಮನೆಗೆ ತರಬೇಡ, ಆ ಧೂಳು ಮಗುಗೂ ಮುಟ್ಟುತ್ತೆ."

ಅಳಿಯ ಹೆಂಡತಿಯ ಮುಖ ನೋಡಿದ. "ಕಸಾನೇ ಗುಡಿಸಿ," ಎಂದಳು ಅವಳು. "ಕಸ ಗುಡಿಸೋರನ್ನೂ ಮಕ್ಕಳು ಅಪ್ಪ ಅಂತಲೇ ಕರೀತಾರೆ."

ಸೋಮವಾರ ಅವನು ಬ್ಯಾಡ್ಜು ಸಿಕ್ಕಿಸಿಕೊಂಡೇ ಇಳಿದ. ಹಳಬರು ಪುಕ್ಕಲ ಎಂದು ನಕ್ಕರು. ನಗಲಿ.

ಗಣಿಗೆ ಇಳಿಯುವ ಅಣ್ಣಂದಿರೇ, ಅವರನ್ನು ಕಳಿಸಿಕೊಡುವ ಅಕ್ಕಂದಿರೇ, ನಾಳೆ ನಿಮ್ಮ ಪರವಾಗಿ ಕಂಪನಿ ಬಾಯಿ ಬಿಡುವುದಿಲ್ಲ. ಬದುಕಿರುವಾಗಲೇ ನಿಮ್ಮ ಸಾಕ್ಷಿ ನೀವೇ ಬರೆಸಿಟ್ಟುಕೊಳ್ಳಿ.