ಅಂಗಾತ ಈಜುವ ಮೀನು

ರಾಯಚೂರಿನ ಮಾರ್ಕೆಟ್ಟಿನಲ್ಲಿ ಖಾಸಿಂ ಬೀಯ ಬುಟ್ಟಿಯ ಮೀನನ್ನು ಯಾರೂ ಒತ್ತಿ ನೋಡುತ್ತಿರಲಿಲ್ಲ. ನೋಡಹೋದವರು ಬೈಸಿಕೊಳ್ಳುತ್ತಿದ್ದರು. "ನಸುಕಿನ್ಯಾಗ ಹೊಳ್ಯಾಗ ಈಜಾಡಿದ್ದು ರೀ ಇದು, ಕೈ ತೆಗೀರಿ!" ಹಾಗೆ ಹೇಳುವ ಹಕ್ಕು ಆಕೆಗಿತ್ತು. ಗಂಡ ಮೀರಾಹುಸೇನ ಗೂಗಲ್ ಎಂಬ ಹಳ್ಳಿಯ ಹತ್ತಿರ ಕೃಷ್ಣೆಯಲ್ಲಿ ಬಲೆ ಬೀಸಿದವನು, ಹಳಸಿದ ಮೀನನ್ನು ಮನೆಗೆ ತಂದವನಲ್ಲ.

ಎಂಬತ್ತಮೂರರ ಬೇಸಿಗೆಯಲ್ಲಿ ಆತನಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಬಲಗೈ ಬಲಗಾಲು ಹೋದವು. ಉಳಿದದ್ದು ಎಡಗೈ ಮತ್ತು ಹಠ. ಎರಡು ತುತ್ತು ಗಂಜಿ ಒಳಗೆ ಹೋದೊಡನೆ ಹಲ್ಲು ಕಚ್ಚಿಬಿಡುತ್ತಿದ್ದ. ಗಂಟಲು ಚೆನ್ನಾಗಿಯೇ ಇದೆ, ಉಣ್ಣಲು ಮನಸ್ಸಿಲ್ಲ ಅಷ್ಟೆ, ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಡಾಕ್ಟರು. ಖಾಸಿಂ ಬೀ ಅತ್ತಳು, ಬೈದಳು, ಪೀರಲ ದೇವರಿಗೆ ಸಕ್ಕರೆ ಹರಕೆ ಹೊತ್ತಳು, ಬೇರೆಯವರ ಬಲೆಯ ಮೀನು ಕೊಂಡು ಬುಟ್ಟಿ ನಡೆಸಿದಳು. ಆತ ಮೇಲೆ ಜಂತಿ ನೋಡುತ್ತ ಅಂಗಾತ ಮಲಗಿರುತ್ತಿದ್ದ.

ಹೈದರಾಬಾದಿಗೆ ಲಾರಿ ಹೊಡೆಯುತ್ತಿದ್ದ ಮೈದುನ ವಲಿ ಪಾಷಾ, ಅಣ್ಣನ ಬೇಸರ ಕಳೆಯಲೆಂದು ಒಂದು ಗಾಜಿನ ತೊಟ್ಟಿ ತಂದ. ಅದರೊಳಗೆ ಬೆರಳುದ್ದದ ಒಂದೇ ಒಂದು ಮೀನು. ಮೀಸೆಯಿತ್ತು, ಮೈಮೇಲೆ ಕಂದು ಮಚ್ಚೆಗಳಿದ್ದವು. ಯಾವ ಮೀನೆಂದು ಕೇಳಿದರೆ, "ಮೀಸಿ ಮೀನು ಭಾಭಿ, ಚಲೋ ಕಾಣ್ತು, ತಂದೆ" ಎಂದ. ಅಂಗಡಿಯವನನ್ನು ನಾಲ್ಕು ಮಾತು ಕೇಳುವ ಬುದ್ಧಿ ಆ ಮನುಷ್ಯನಿಗೆ ಎಂದೂ ಬಂದದ್ದಿಲ್ಲ.

ಮರುದಿನ ಬೆಳಿಗ್ಗೆ ಮೀನು ಹೊಟ್ಟೆ ಮೇಲೆ ಮಾಡಿ ನೀರಿನಲ್ಲಿ ತೇಲುತ್ತಿತ್ತು.

ಹೊಟ್ಟೆ ಮೇಲಾದ ಮೀನು ಎಂದರೆ ಏನೆಂದು ಖಾಸಿಂ ಬೀಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಸೆಯಲೆಂದು ಕೈ ಹಾಕಿ ಹಿಡಿದಳು. ಮೀನು ಮುಳ್ಳು ನಿಗುರಿಸಿ ಬೆರಳಿಗೆ ಚುಚ್ಚಿತು, ಹಳೇ ಬಾಗಿಲಿನಂತೆ ಕಿರ್ರೆಂದು ಕೂಗಿತು. ಬೆಚ್ಚಿ ಬಿಟ್ಟಳು. ನೀರಿಗೆ ಬಿದ್ದದ್ದೇ ಮತ್ತೆ ಅಂಗಾತವಾಗಿ ತೊಟ್ಟಿಯ ಮೂಲೆಗೆ ಓಡಿತು.

ವಲಿ ಪಾಷಾ ಕೈಕೊಡವಿದ. "ಒಗಿ ಭಾಭಿ. ಹಿಂಗ ಅಂಗಾತ ಬಿದ್ದ ಮ್ಯಾಲೆ ಇನ್ನೇನದ? ಇವತ್ತೋ ನಾಳಿಯೋ."

ಮಂಚದ ಮೇಲೆ ಮೀರಾಹುಸೇನ ಕಣ್ಣು ಮುಚ್ಚಿದ. ತಾನು ಆಡಿದ್ದು ಏನೆಂದು ವಲಿ ಪಾಷಾನಿಗೆ ಆಗ ತಿಳಿಯಿತು. ಮುಖ ಕಪ್ಪಿಟ್ಟಿತು. ಖಾಸಿಂ ಬೀ ತೊಟ್ಟಿಗೆ ಅಡ್ಡ ನಿಂತಳು.

"ಇದು ಈ ಮನ್ಯಾಗ ಬದುಕ್ತದ," ಎಂದಳು. "ನೀ ಹೋಗು, ಇದು ಎಂಥಾ ಮೀನು ಅಂತ ಕೇಳ್ಕೊಂಡ ಬಾ. ಕೇಳದ ಬಂದಿ ಅಂದ್ರ ಹೊಸ್ತಿಲ ದಾಟಬ್ಯಾಡ."

ಅವನು ಹೋದ ಮೇಲೆ ತೊಟ್ಟಿಯನ್ನು ಮಂಚದ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು, ತಾನೂ ಬಗ್ಗಿ ಮೀನನ್ನು ನೋಡಿದಳು. ಆಮೇಲೆ ಗಂಡನ ಗಲ್ಲ ಹಿಡಿದು ಮುಖವನ್ನು ಅತ್ತ ತಿರುಗಿಸಿದಳು.

"ನಮ್ಮ ಹೊಳಿ ಮೀನಿಗೆ ಬೆನ್ನು ಕರಿದು, ಹೊಟ್ಟಿ ಬಿಳಿದು. ಇದಕ್ಕ ನೋಡ್ರಿ, ಹೊಟ್ಟೀನ ಕರಿದು ಅದ. ಅಂದ್ರ ಇದು ಮೊದಲಿಂದನೂ ಹಿಂಗ ಈಜಾಕತ್ತದ, ಹೌದಿಲ್ಲೋ? ಹೌದಾದ್ರ ಕಣ್ಣು ಮುಚ್ಚಿ ತೆಗೀರಿ."

ಆತ ಬಹಳ ಹೊತ್ತು ಮೀನನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿ ತೆರೆದ. ಲಕ್ವಾ ಹೊಡೆದ ಮೇಲೆ ಆತ ಯಾರದಾದರೂ ಮಾತಿಗೆ ಉತ್ತರ ಕೊಟ್ಟದ್ದು ಅದೇ ಮೊದಲು. ಖಾಸಿಂ ಬೀಗೆ ಖುಷಿಯಿಂದ ಅಳು ಬಂತು, ನುಂಗಿಕೊಂಡಳು.

ಮಾರ್ಕೆಟ್ಟಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು! "ಸತ್ತ ಮೀನ ಸಾಕ್ಯಾಳಂತ, ಇನ್ನ ಮಾರೋದು ಎಂಥಾದ್ದೋ," ಎಂದು ಪಕ್ಕದ ಬುಟ್ಟಿಯ ಕಮರುನ್ನೀಸಾ ಗಿರಾಕಿಗಳ ಮುಂದೆ ನಕ್ಕಳು. ಮಾನ್ವಿಯಿಂದ ಬರುವ ಕಾಯಂ ಗಿರಾಕಿಯೂ ಆವತ್ತು ಮೊದಲ ಸಲ ಮೀನನ್ನು ಒತ್ತಿ ನೋಡಿದ. ಖಾಸಿಂ ಬೀ ಬೈಯಲಿಲ್ಲ. ಮನೆಗೆ ಬಂದು ತೊಟ್ಟಿಯಲ್ಲಿ ಒಡೆದ ಮಡಿಕೆಯ ಚೂರಿಟ್ಟಳು, ಬಿಸಿಲು ಬೀಳದಂತೆ ಕಿಟಕಿಗೆ ಗೋಣಿತಟ್ಟು ಕಟ್ಟಿದಳು. ಮೀನು ಆ ಚೂರಿನ ಅಡಿಗೆ ತಲೆಕೆಳಗಾಗಿ ಅಂಟಿಕೊಂಡು ಆರಾಮಾಗಿ ಮೀಸೆ ಆಡಿಸಿತು.

ವಾರದ ಮೇಲೆ ವಲಿ ಪಾಷಾ ಹೊಸ್ತಿಲ ಆಚೆಯಿಂದಲೇ ಕೂಗಿದ. "ಭಾಭಿ, ಆಫ್ರಿಕಾದ್ದಂತ! ಹಿಂಗೇ ಈಜ್ತದಂತ! ನೀರಿನ ಮ್ಯಾಲೆ ತೇಲೋದನ್ನ ತಿನ್ನಾಕ ಹಂಗ ಅದಂತ. ಅಂಗಡ್ಯಾವ ನನ್ನ ನೋಡಿ ನಕ್ಕ."

"ನಗಲಿ. ಒಳಗ ಬಾ," ಎಂದಳು.

ಮಾರ್ಕೆಟ್ಟಿನವರ ಬಾಯಿ ಮುಚ್ಚಿಸಲು ಆ ಮಾತು ಸಾಕಿತ್ತು. ಆದರೆ ಆಕೆಯ ಮನಸ್ಸು ಅಲ್ಲಿರಲಿಲ್ಲ. ಒಣ ಸಿಗಡಿ ಪುಡಿ ಮಾಡಿ, ಬಟ್ಟಲನ್ನು ಗಂಡನ ಎಡಗೈ ಹತ್ತಿರ ಇಟ್ಟಳು.

"ಇವತ್ತಿನಿಂದ ಇದರ ಹೊಟ್ಟಿ ನಿಮ್ಮ ಜಿಮ್ಮಾ. ನಾ ಹಾಕಂಗಿಲ್ಲ, ಯಾರಿಗೂ ಹಾಕಗೊಡಂಗಿಲ್ಲ. ಉಪಾಸ ಕೆಡವೋದಿದ್ರ ಕೆಡವ್ರಿ."

ಆವತ್ತು ಬಟ್ಟಲು ಹಾಗೇ ಇತ್ತು. ಮರುದಿನವೂ ಹಾಗೇ. ಮೀನು ಮೇಲಕ್ಕೆ ಬಂದು ಬಾಯಾಡಿಸಿ, ಏನೂ ಸಿಗದೆ ಚೂರಿನಡಿಗೆ ಹೋಗುತ್ತಿತ್ತು. ಖಾಸಿಂ ಬೀ ತೊಟ್ಟಿಯ ಹತ್ತಿರ ಹೋಗಿ ಹೋಗಿ ಬರುತ್ತಿದ್ದಳು. ಬಟ್ಟಲು ಮಾತ್ರ ಮುಟ್ಟಲಿಲ್ಲ.

ಮೂರನೆಯ ದಿನ ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಬಂದರೆ, ಚಾದರದ ಮೇಲೆಲ್ಲ ಸಿಗಡಿ ಪುಡಿ ಚೆಲ್ಲಿತ್ತು. ಮೀರಾಹುಸೇನನ ಎಡಗೈ ತೊಟ್ಟಿಯ ಅಂಚಿಗೆ ಜೋತುಬಿದ್ದಿತ್ತು, ಬೆರಳು ಒದ್ದೆಯಾಗಿತ್ತು. ಮೀನು ಆ ಬೆರಳಿನ ಕೆಳಗೇ ಅಂಗಾತ ತೇಲುತ್ತ, ನೀರಿನ ಮೇಲಿನ ಪುಡಿಯನ್ನು ಚಪ್ಪರಿಸುತ್ತಿತ್ತು.

ಖಾಸಿಂ ಬೀ ಕೈ ತೊಳೆದು ಗಂಜಿ ತಂದು ಕುಳಿತಳು.

"ಅದು ಉಂಡತು. ನಾಳಿಗೂ ಅದಕ್ಕ ಹಸಿವಾಗ್ತದ ನೋಡ್ರಿ," ಎಂದಳು.

ಒಂದು ತುತ್ತು ಕೊಟ್ಟಳು. ಎರಡು ಕೊಟ್ಟಳು. ಮೂರನೆಯದನ್ನು ಹಿಡಿದುಕೊಂಡು ಕಾದಳು. ಆತ ತೊಟ್ಟಿಯತ್ತ ನೋಡಿದ, ಆಮೇಲೆ ಅವಳತ್ತ ತಿರುಗಿ ಬಾಯಿ ತೆರೆದ.