ಸೀಸ ಕಣ್ಣಿಗೆ ಬೀಳುವ ಹೊತ್ತು

ವರ್ಲಿನ್ ಸತ್ತ ಮೇಲೆ, ಅವನು ತುಂಬಿಟ್ಟಿದ್ದ ಪಿಸ್ತೂಲಿನ ತೋಟೆಗಳನ್ನೆಲ್ಲ ಗುರಿ ಹೊಡೆಯುವ ಕ್ಲಬ್ಬಿನವರು ಬಿಚ್ಚಿ ಹಾಕಿದರು. ಅದು ಅಲ್ಲಿಯ ರೂಢಿ. ಒಬ್ಬರ ಕೈ ತುಂಬಿದ್ದನ್ನು, ಅವರ ಮನೆಯವರ ಹೊರತು, ಇನ್ನೊಬ್ಬರ ಕೈ ಹೊಡೆಯಬಾರದು. ತುಂಬಿದ ಕೈಯೇ ಇಲ್ಲವೆಂದ ಮೇಲೆ ಮಾತೇ ಬೇಡ. ಕ್ಲಬ್ಬಿನ ಮುದುಕ ಓರ್ಲಿನ್ ಬಕ್ಕೆ, ವರ್ಲಿನನ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಒಂದೊಂದರ ಮೂತಿ ಕಿತ್ತು, ಸೀಸವನ್ನು ಡಬ್ಬಿಗೆ ಹಾಕಿದ, ಮದ್ದನ್ನು ಹುಲ್ಲಿಗೆ ಸುರಿದ. ಮಾರ್ಲಿಸ್ ಅಡುಗೆಮನೆಯ ಕಿಟಕಿಯಿಂದ ಗಂಡನ ಕೆಲಸ ಹೀಗೆ ಬಿಚ್ಚಿಕೊಳ್ಳುವುದನ್ನು ನೋಡುತ್ತ ನಿಂತಿದ್ದಳು. ಬೇಡ ಅನ್ನಬೇಕಿತ್ತೆಂದು ಅವಳಿಗೆ ಹೊಳೆದದ್ದು ಮುದುಕನ ಗಾಡಿ ತಿರುವು ದಾಟಿದ ಮೇಲೆ. ಬೇಸಿಗೆಯಲ್ಲಿ ಆ ಜಾಗದ ಹುಲ್ಲು ಕಡುಹಸಿರಾಗಿ ಬೆಳೆಯಿತು.

ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅವನ ಒಂದು ಮಾತು ಉಳಿದುಬಿಟ್ಟಿತ್ತು. ಅವಳು ಗುರಿ ಹೊಡೆಯುವಾಗಲೆಲ್ಲ ವರ್ಲಿನ್ ಹಿಂದೆ ನಿಂತಿರುತ್ತಿದ್ದ.

"ನಿನ್ನ ಗುಂಡು ಹಾರೋದು ನಂಗೆ ಕಾಣ್ಸುತ್ತೆ ಕಣೇ," ಅನ್ನುತ್ತಿದ್ದ. "ಸಂಜೆ ಜೇನುಹುಳ ಗೂಡಿಗೆ ಹೋದ ಹಾಗೆ. ಅವಸರಾನೇ ಇಲ್ಲ."

"ಬಿಡು ಬುರುಡೆ."

"ಪಾದ್ರಿ ಮುಂದೆ ಬೇಕಾದ್ರೂ ಹೇಳ್ತೀನಿ."

ಅವಳು ನಂಬಿರಲಿಲ್ಲ. ದುರ್ಬೀನಿನಲ್ಲಿ ಗುರಿಹಾಳೆಯನ್ನು ಕದ್ದು ನೋಡಿ ಹೇಳುತ್ತಾನೆ ಅಂದುಕೊಂಡಿದ್ದಳು. ಈಗ ಮಾತ್ರ ಅದು ನಿಜವೋ ಸುಳ್ಳೋ ತಿಳಿಯದೆ ಚಳಿಗಾಲಕ್ಕೆ ಕಾಲಿಡಲಾರೆ ಅನ್ನಿಸತೊಡಗಿತ್ತು. ಅದೊಂದು ಸುಳ್ಳಾಗಿದ್ದರೆ ಉಳಿದ ಸವಿಮಾತುಗಳೂ ಸಡಿಲವಾಗುತ್ತಿದ್ದವು.

ಕ್ಲಬ್ಬಿನ ಬಯಲಿನಲ್ಲಿ ಬೇರೆಯವರ ಬೆನ್ನ ಹಿಂದೆ ನಿಂತು ನೋಡಿದಳು. ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ. ಅವರದೆಲ್ಲ ಬಿರುಸಿನ ಮದ್ದು, ಗುಂಡು ಕಣ್ಣಿಗೆ ಸಿಗದಷ್ಟು ವೇಗ. ಮಾರ್ಲಿಸಳ ಪಿಸ್ತೂಲಿಗೆ ವರ್ಲಿನ್ ಮೆತ್ತನೆ ಸ್ಪ್ರಿಂಗ್ ಹಾಕಿ, ಅದಕ್ಕೆ ತಕ್ಕಷ್ಟೇ ಮದ್ದು ಹಾಕುತ್ತಿದ್ದ. ಹೊಡೆದಾಗ ಮೇಲಿನ ಜಾರುಪಟ್ಟಿ ಹಿಂದೆ ಸರಿದು, ಖಾಲಿ ಚಿಪ್ಪನ್ನು ಎಸೆದು, ಮುಂದಿನ ತೋಟೆಯನ್ನು ಎತ್ತಿಕೊಳ್ಳಬೇಕು. ಅಷ್ಟಕ್ಕೆ ಸಾಕಾಗುವಷ್ಟು, ಒಂದು ಕಾಳೂ ಹೆಚ್ಚಿಲ್ಲ. ಬೇರೆಯವರ ಚಿಪ್ಪುಗಳು ಬೇಲಿಯವರೆಗೆ ಹಾರಿದರೆ ಅವಳದು ಅವಳ ಬೂಟಿನ ಪಕ್ಕದಲ್ಲೇ ಬೀಳುತ್ತಿತ್ತು. "ನಿಮ್ಮನೆಯವರ ಗುಂಡು ಹೊರಟ್ರೆ ನಾನು ಕಾಫಿ ಕುಡ್ಕೊಂಡು ಬರಬಹುದು," ಎಂದು ಪಕ್ಕದ ಸಾಲಿನ ಡಾರ್ಲಾ ಆಡಿಕೊಳ್ಳುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮಾರ್ಲಿಸ್, ಅವನಂಥ ತೋಟೆಗಳನ್ನು ತಾನೇ ಮಾಡಲೆಂದು, ಶೆಡ್ಡಿನ ಬೀಗ ತೆಗೆದು ಪಾತ್ರೆ ಕಾಯಿಸಿದಳು. ಗ್ಯಾರೇಜಿನವರು ಕೊಟ್ಟ ಹಳೆಯ ಸೀಸ ಒಂದು ಬದಿಯಿಂದ ಮೆಲ್ಲಗೆ ಕುಸಿದು, ಮುಳುಗಿ, ಕನ್ನಡಿಯಾಯಿತು. ಕೊಳೆ ಬೇರ್ಪಡಲೆಂದು ಮೇಣದ ತುಂಡು ಹಾಕಿದಾಗ ಎದ್ದ ಹೊಗೆಯಲ್ಲಿ ಇಗರ್ಜಿಯ ವಾಸನೆ. ಅಚ್ಚು ತೆರೆದರೆ ಬೆಳ್ಳಗಿನ ಗುಂಡು ಒದ್ದೆ ಟವೆಲ್ಲಿನ ಮೇಲೆ ಉದುರುತ್ತಿತ್ತು, ಸದ್ದೇ ಇಲ್ಲದೆ. ಮೊದಲಿನವು ಮುದುಕಿಯರ ಕೆನ್ನೆಯಂತೆ ಸುಕ್ಕುಗಟ್ಟಿದ್ದವು. ಅವನ್ನು ಮತ್ತೆ ಪಾತ್ರೆಗೇ ಹಾಕಿದಳು. ಹೊತ್ತು ಎಲ್ಲಿಗೋ ಹೋಗುತ್ತಿತ್ತು. ಊಟ ಮಾಡಿದೆನೋ ಇಲ್ಲವೋ ಅವಳಿಗೆ ನೆನಪಿರುತ್ತಿರಲಿಲ್ಲ.

ಮದ್ದಿನ ಅಳತೆಗೊಳವೆಯ ತಿರುಪು ವರ್ಲಿನ್ ಬಿಟ್ಟಂತೆಯೇ ನಿಂತಿತ್ತು. ಅದನ್ನು ಮುಟ್ಟಬಾರದೆಂದೇ ಇದ್ದಳು. ಆದರೆ ಕನಸಿನಲ್ಲಿ ಕೈಯಾಡಿದಂತೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು.

ತೋಟೆಗಳೇನೋ ಸಿದ್ಧವಾದವು, ಹೊಡೆಯುವವರೇ ಇಲ್ಲ. ತಾನೇ ಹೊಡೆದರೆ ಕಾಣುವುದಿಲ್ಲ. ಪಿಸ್ತೂಲು ನೆಗೆದು ಕಣ್ಣಿಗೆ ಅಡ್ಡ ಬರುತ್ತದೆ. ಕ್ಲಬ್ಬಿನವರನ್ನು ಕೇಳಿದಳು.

"ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮಾರ್ಲಿಸ್," ಅಂದಳು ಡಾರ್ಲಾ. "ನನ್ನ ಬೆರಳುಗಳ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ಅಷ್ಟೆ."

ಉಳಿದವರು ನಕ್ಕು, ಹವಾಮಾನದ ಮಾತು ತೆಗೆದರು. ಕೊನೆಗೆ ಅವಳು ಓರ್ಲಿನನ ಮುಂದೆ ತೋಟೆಗಳ ಪೆಟ್ಟಿಗೆಯನ್ನೂ ತನ್ನ ಪಿಸ್ತೂಲನ್ನೂ ಇಟ್ಟಳು.

"ನಂಗೇ ಯಾಕಮ್ಮ? ಮುದುಕ, ಹೋದ್ರೆ ನಷ್ಟ ಇಲ್ಲ ಅಂತಾನಾ?"

"ನೀವು ತಾನೆ ಅವನದನ್ನೆಲ್ಲ ಹುಲ್ಲಿಗೆ ಸುರಿದದ್ದು."

ಓರ್ಲಿನ್ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳ ಪಿಸ್ತೂಲಿನ ನಳಿಗೆಯನ್ನು ಬಿಚ್ಚಿ, ಒಂದು ತೋಟೆಯನ್ನು ಅದರೊಳಗೆ ಬಿಟ್ಟ. ಟಕ್ಕೆಂದು ಕೂತಿತು. ತಲೆಯಾಡಿಸಿದ. ಇನ್ನೊಂದನ್ನು ಆರಿಸಿ, ಮೂತಿ ಕಿತ್ತು, ಮದ್ದನ್ನು ಪುಟ್ಟ ತಕ್ಕಡಿಗೆ ಹಾಕಿದ. ಅವನ ಹುಬ್ಬು ಮೇಲೇರಿತು.

"ವರ್ಲಿನ್ ಹಾಕ್ತಿದ್ದದ್ದೇ ಕಮ್ಮಿ. ಇದು ಅದಕ್ಕಿಂತ ಕಮ್ಮಿ. ಯಾಕೆ?"

"ಇನ್ನೂ ನಿಧಾನಕ್ಕೆ ಹೋಗ್ಲಿ ಅಂತ."

"ನಿಧಾನಕ್ಕೆ ಹೋಗಲ್ಲಮ್ಮ, ಹೋಗೋದೇ ಇಲ್ಲ! ನಳಿಗೇಲಿ ಅರ್ಧಕ್ಕೆ ನಿಂತ್ಕೊಳ್ಳುತ್ತೆ. ಗೊತ್ತಿಲ್ದೆ ಅದರ ಹಿಂದೆ ಇನ್ನೊಂದು ಹೊಡೆದ್ರೆ ನಳಿಗೆ ಸಿಡಿದು ಡಾರ್ಲಾಗೆ ನನ್ನ ಬೆರಳು ಹುಡುಕೋ ಕೆಲಸ." ತಕ್ಕಡಿಯ ಮದ್ದನ್ನು ಊದಿಬಿಟ್ಟ. "ಎಲ್ಲಾ ಬಿಚ್ಚು. ತಿರುಪು ಮೊದಲು ಎಲ್ಲಿತ್ತೋ ಅಲ್ಲಿಗೇ ತಿರುಗಿಸು."

"ಎಲ್ಲಿತ್ತು ಅಂತ ಈಗ ಗೊತ್ತಾಗಲ್ಲ," ಅಂದಳು. ಆಮೇಲೆ ಆ ಮಾತಿನ ಭಾರ ಅವಳಿಗೇ ತಟ್ಟಿತು. ಗಂಡನ ಕೈ ಕೊನೆಗೆ ನಿಲ್ಲಿಸಿದ್ದ ಜಾಗವನ್ನು ತಾನೇ ಅಳಿಸಿಬಿಟ್ಟಿದ್ದಳು.

ಮುದುಕ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒರೆಸಿದ. "ಅವನ ಮದ್ದಿನ ತೂಕ ಎಷ್ಟು ಅಂತ ನಂಗೊತ್ತು," ಅಂದ. "ಅಷ್ಟೊಂದನ್ನ ಬಿಚ್ಚಿ, ಒಂದೆರಡನ್ನ ತೂಗಿಯೂ ನೋಡಿದೋನು ನಾನೇ ಅಲ್ವಾ?"

ವಾರವಿಡೀ ಅವಳು ಬಿಚ್ಚಿದಳು, ತೂಗಿದಳು, ಮತ್ತೆ ತುಂಬಿದಳು. ಬೆಳಗ್ಗೆ ನೀರಿನ ತೊಟ್ಟಿಯ ಮೇಲೆ ತೆಳು ಹಿಮದ ಕೆನೆ ಕಟ್ಟತೊಡಗಿತ್ತು. ಹಿಮ ಬಿದ್ದರೆ ಬಯಲು ಮುಚ್ಚುತ್ತಾರೆ.

ಶನಿವಾರ ಇಳಿಹೊತ್ತು. ಮಿನೆಸೋಟಾದ ಅಕ್ಟೋಬರ್ ಬಿಸಿಲು ಬೆನ್ನ ಕಡೆಯಿಂದ ಚಾಚಿಕೊಂಡು, ಗುರಿಹಾಳೆಗಳ ಹಿಂದಿನ ಮಣ್ಣುದಿಬ್ಬವನ್ನು ಜೇನಿನ ಬಣ್ಣಕ್ಕೆ ತಿರುಗಿಸಿತ್ತು. ಓರ್ಲಿನ್ ಒಂದು ತೋಟೆ ಬಿಚ್ಚಿ ತೂಗಿದ. ತಲೆಯಾಡಿಸಿ, ಕಿವಿಗವಸು ಹಾಕಿಕೊಂಡು ಅವಳ ಪಿಸ್ತೂಲು ಎತ್ತಿದ. ಡಾರ್ಲಾ ಎರಡು ಸಾಲು ದೂರ ಸರಿದಳು, ನಗದೆ.

ಮೊದಲನೆಯ ಗುಂಡಿಗೆ ಅವನ ಹಿಂದೆ ನಿಂತ ಮಾರ್ಲಿಸ್ ಕಣ್ಣು ಮಿಟುಕಿಸಿದಳು. ಎರಡನೆಯದಕ್ಕೆ ಪಿಸ್ತೂಲನ್ನೇ ನೋಡಿದಳು.

"ಅದನ್ನ ನೋಡಬೇಡ!" ಎಂದು ಓರ್ಲಿನ್ ತಿರುಗದೆಯೇ ಕೂಗಿದ. "ಮಧ್ಯೆ ಖಾಲಿ ಗಾಳಿ ನೋಡು. ಹತ್ರ ಬಾ, ನಾನೇನು ಕಚ್ಚಲ್ಲ!"

ಅವಳು ಅವನ ಭುಜಕ್ಕೆ ತಾಗುವಷ್ಟು ಹತ್ತಿರ ಬಂದಳು. ಸವೆದ ಕಾಲರು, ಕತ್ತಿನ ನರ, ಹಿಡಿದಿಟ್ಟ ಉಸಿರು. ಅದರಾಚೆಗೆ, ಏನೂ ಇಲ್ಲದ ಬೆಳಕು.

ಆ ಬೆಳಕಿನಲ್ಲಿ ಅದು ಹೋಯಿತು. ಮಸುಕಾದ ಬೆಳ್ಳಿಯ ಚುಕ್ಕೆ. ತುಸು ಮೇಲೇರಿ, ಯೋಚಿಸಿದಂತೆ ಬಾಗಿ, ಇಳಿದು, ಕಾಗದದೊಳಗೆ ಮುಳುಗಿತು.

"ಕಂಡ್ತಾ?"

ಅವಳ ಕಣ್ಣು ಇನ್ನೂ ಕಾಗದದ ಮೇಲೇ ಇತ್ತು. ಕಾಣಬೇಕಾದರೆ ಇಷ್ಟು ಹತ್ತಿರ ನಿಲ್ಲಬೇಕು, ಹೊಡೆಯುವವರ ಉಸಿರು ನಿಲ್ಲುವಾಗ ತನ್ನದನ್ನೂ ನಿಲ್ಲಿಸಿಕೊಳ್ಳಬೇಕು. ವರ್ಲಿನ್ ಹಾಗೆ ನಿಂತಿರುತ್ತಿದ್ದ, ವಾರವಾರವೂ. ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಗುರಿ ಹಿಡಿದವರು ತಿರುಗಿ ನೋಡುವುದಿಲ್ಲ.

"ಕಾಣ್ಲಿಲ್ವೇನಮ್ಮಾ?" ಮುದುಕನ ದನಿಯಲ್ಲಿ ಆತಂಕವಿತ್ತು.

"ಕಂಡ್ತು," ಅಂದಳು. "ಇನ್ನೊಂದು ಹೊಡೀರಿ."