ಸೀನು ನಿಂತ ಮೇಲೆ

ನನ್ನ ಅಕ್ಕ ಶಾಮಲಾಗೆ ಶಿವರಾತ್ರಿ ಕಳೆದರೆ ಸಾಕು, ಸೀನು ಶುರು. ಹೊಂಗೆ ಹೂ ಬಿಡುವ ಕಾಲ. ಭದ್ರಾವತಿಯ ಅವಳ ಓಣಿಯಲ್ಲಿ ಕಾಂಗ್ರೆಸ್ ಗಿಡ ಬೇರೆ ಸೊಂಟದೆತ್ತರ. ಗಂಡ ತೀರಿಕೊಂಡ ಮೇಲೆ ಅವಳೂ ಮಗಳು ಮೈತ್ರಿಯೂ ಇದ್ದದ್ದು ಗಂಡನ ಅಣ್ಣ ಮಂಜಪ್ಪನವರ ಮನೆಯಲ್ಲಿ. ಹಿಂದಿನ ವರ್ಷ ಅವರ ಮಗ ಮುರಳಿಯ ನಿಶ್ಚಿತಾರ್ಥದಲ್ಲಿ ಸರಿಯಾಗಿ ತಾಂಬೂಲ ಬದಲಾಯಿಸುವಾಗಲೇ ಅಕ್ಕ ಸೀನಿದಳು. ಒಂಟಿ ಸೀನು, ಅಪಶಕುನ! ಎಲ್ಲರೂ ನೀರು ಕುಡಿದು ಮತ್ತೆ ಮೊದಲಿಂದ ಶುರುಮಾಡಿದರು.

ಈ ಸಲ ಮೈತ್ರಿಯದೇ ನಿಶ್ಚಿತಾರ್ಥ. ಮಂಜಪ್ಪನವರು ನನ್ನೆದುರಿಗೇ ಹೇಳಿದರು: "ಮಗಳ ಪಕ್ಕ ನಿಂತ್ಕೊಳಮ್ಮ, ಯಾರು ಬೇಡ ಅಂದ್ರು? ಗಂಡ ಇಲ್ಲದೋಳು ಅಂತ ನೋಡೋ ಕಾಲ ಹೋಯ್ತು. ನಿನ್ನ ಆ ಸೀನೊಂದು ನಿಂತ್ರೆ ಸಾಕು."

ಎಂಥ ದೊಡ್ಡ ಮನಸ್ಸು! ಅಕ್ಕ ನಂಬಿದಳು. ನಾನೂ ನಂಬಿದೆ.

ಸಂಕ್ರಾಂತಿ ಮುಗಿದದ್ದೇ ಶಿವಮೊಗ್ಗದ ಬಸ್ಸು ಹತ್ತಿ ಬಂದಳು. ರಾಗಿಗುಡ್ಡದ ನಮ್ಮ ಮನೆ ಹತ್ತಿರ ಅಕ್ಯುಪಂಕ್ಚರ್ ಡಾಕ್ಟರೊಬ್ಬರಿದ್ದರು. ಮೂಗಿನ ಎರಡೂ ಪಕ್ಕ, ಹೆಬ್ಬೆರಳಿನ ಸಂದಿಯಲ್ಲಿ, ಕೂದಲಿನಂಥ ಸೂಜಿ. ಇಂಜೆಕ್ಷನ್ ಅಂದರೆ ಅಳುತ್ತಿದ್ದವಳು ಅಲುಗಾಡದೆ ಕೂತಳು.

"ನೋಯುತ್ತೇನೇ?" ಅಂದೆ.

"ಸುಮ್ನಿರು ಮಾರಾಯ್ತಿ, ಮಾತಾಡಿದ್ರೆ ಸೂಜಿ ಅಲ್ಲಾಡುತ್ತೆ."

ವಾರವಾರವೂ ಬಂದಳು. ಡಾಕ್ಟರು ಹೇಳಿದ್ದನ್ನೆಲ್ಲ ವ್ರತದ ಹಾಗೆ ಮಾಡಿದಳು. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಮೂಗು ತೊಳೆಯುವುದು, ಕಿಟಕಿ ಮುಚ್ಚಿಯೇ ಇಡುವುದು, ಹೊರಗಿಂದ ಬಂದರೆ ಸೀರೆ ಬದಲಾಯಿಸುವುದು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಆಳನ್ನು ಹಿಡಿದು ಹಿತ್ತಲಿನ ಕಾಂಗ್ರೆಸ್ ಗಿಡ ಕೀಳಿಸಿದಳು. ಶಿವರಾತ್ರಿ ಕಳೆಯಿತು. ಹೊಂಗೆ ಹೂ ಬಿಟ್ಟಿತು. ಅಕ್ಕ ಸೀನಲಿಲ್ಲ.

ನಿಶ್ಚಿತಾರ್ಥದ ದಿನ ಹಸಿರು ಅಂಚಿನ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಮನೆಯ ಹಾಲ್‌ನ ಬಾಗಿಲಿಗೆ ಬಂದಳು. ಮುಖದಲ್ಲಿ ಎಷ್ಟೋ ವರ್ಷದ ಹಿಂದಿನ ಕಳೆ. ಮಂಜಪ್ಪನವರು ಎದ್ದು ಬಂದು ತಟ್ಟೆ ಇಸಕೊಂಡು ತಮ್ಮ ಹೆಂಡತಿಯ ಕೈಗೆ ಕೊಟ್ಟರು.

"ನೀನು ಒಳಗಿರಮ್ಮ."

"ಭಾವ, ಸೀನು ಪೂರ್ತಿ ಹೋಗಿದೆ. ಬೇಕಾದ್ರೆ ನನ್ನ ತಂಗೀನ ಕೇಳಿ."

ಅವರು ಗಂಡಿನ ಕಡೆಯವರತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸೀನಿನ ಮಾತಲ್ಲ ಶಾಮಲಾ. ಅಷ್ಟೂ ಗೊತ್ತಾಗಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಅದುಮಿದಳು. ಮೈತ್ರಿ ಬಾಗಿಲ ಕಡೆ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಆ ಹುಡುಗಿಯ ಮೇಲೂ ನನಗೆ ಸಿಟ್ಟು ಬಂತು, ಇವತ್ತಿಗೂ ಇದೆ.

ಅಕ್ಕನೂ ನಾನೂ ಅಡುಗೆಮನೆಯಲ್ಲಿ ನಿಂತೆವು. ತಾಂಬೂಲ ಬದಲಾಯಿಸುವ ಹೊತ್ತಿಗೆ ಹಾಲ್‌ನಿಂದ ದೊಡ್ಡದೊಂದು ಸೀನು ಕೇಳಿಸಿತು. ಗಂಡಿನ ತಾಯಿ. "ಊದುಬತ್ತಿ ಹೊಗೆ ಜಾಸ್ತಿಯಾಯ್ತು, ಆ ಕಡೆ ಇಡ್ರೋ," ಎಂದರು ಮಂಜಪ್ಪನವರು. ಎಲ್ಲರೂ ನಕ್ಕರು. ಯಾರೂ ನೀರು ಕುಡಿಯಲಿಲ್ಲ.

ಅಕ್ಕ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಕಿಟಕಿಯ ಚಿಲಕ ತೆಗೆದಳು. ಆಚೆ ಹೊಂಗೆ ಮರ ಮೈತುಂಬ ಹೂ ಬಿಟ್ಟಿತ್ತು. ಮುಖ ಹೊರಗೆ ಚಾಚಿ ಎದೆ ತುಂಬ ಉಸಿರೆಳೆದಳು, ಮತ್ತೆ ಎಳೆದಳು, ಕಣ್ಣು ಮುಚ್ಚಿ ಕಾದಳು.

ಸೀನು ಬರಲೇ ಇಲ್ಲ.